ಆಫೀಸಿಗೆ ದೋಣಿಯಲ್ಲಿ: ಬ್ಯಾಂಕಾಕ್, ಲಂಡನ್, ಬ್ರಿಸ್ಬೇನ್

ಮೂರೂ ನಗರಗಳಲ್ಲಿ ನದಿ ದೋಣಿ ಹತ್ತಿ ಓಡಾಡಿದ್ದೇನೆ. ದೋಣಿಯ ವೇಗವನ್ನೇ ಎಲ್ಲರೂ ಕೇಳುತ್ತಾರೆ. ನಾನು ನೋಡುವುದು ಎರಡೇ: ಜೆಟ್ಟಿಯಲ್ಲಿ ಎಷ್ಟು ಹೊತ್ತು ಹಾಳಾಗುತ್ತದೆ, ಇಳಿದ ಮೇಲೆ ಬಸ್ಸಿಗೋ ರೈಲಿಗೋ ಮತ್ತೆ ದುಡ್ಡು ಬಿಚ್ಚಬೇಕೇ.

ಜೆಟ್ಟಿಯ ಚುರುಕಿನಲ್ಲಿ ಬ್ಯಾಂಕಾಕಿಗೆ ಸಾಟಿಯಿಲ್ಲ. ಅಲ್ಲಿನ ನದಿ ದೋಣಿ ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ದಡಕ್ಕೆ ಬರುತ್ತಿದ್ದಂತೆ ಹಿಂತುದಿಯಲ್ಲಿ ನಿಂತವನು ಸೀಟಿ ಊದಲು ಶುರುಮಾಡುತ್ತಾನೆ. ಮುಂದೆ ಕೂತ ಚಾಲಕನಿಗೆ ಹಿಂಬದಿ ಸರಿಯಾಗಿ ಕಾಣದು. ಸೀಟಿ ಕೇಳಿಕೊಂಡೇ ದೋಣಿಯನ್ನು ಹಿಂದೆಮುಂದೆ ಸರಿಸುತ್ತಾನೆ. ಹಗ್ಗ ಒಂದು ಸುತ್ತು ಬೀಳುತ್ತದೆ, ಜನ ಇಳಿದು ಹತ್ತುತ್ತಾರೆ, ಹಗ್ಗ ಬಿಚ್ಚಿದ್ದೇ ತಡ ದೋಣಿ ಹೊರಟಿರುತ್ತದೆ. ಒಳಗೆ ಕಂಡಕ್ಟರ್ ಲೋಹದ ಕೊಳವೆಯಲ್ಲಿ ಚಿಲ್ಲರೆ ಕುಲುಕಿಸುತ್ತ ಬರುತ್ತಾಳೆ. ಸಾತೋರ್ನ್ ಜೆಟ್ಟಿಯ ಪಕ್ಕದಲ್ಲೇ ಸ್ಕೈಟ್ರೇನ್ (ಮೇಲ್ಸೇತುವೆಯ ಮೆಟ್ರೋ) ನಿಲ್ದಾಣ ಇದೆ, ಆದರೆ ಅದಕ್ಕೆ ಬೇರೆ ಟಿಕೆಟ್. ಹತ್ತುವ ಮುಂಚೆ ದೋಣಿಯ ಬಾವುಟದ ಬಣ್ಣ ನೋಡಿ; ಹಳದಿ, ಹಸಿರಿನವು ಆಫೀಸ್ ಹೊತ್ತಿನವು, ಎಲ್ಲ ಕಡೆ ನಿಲ್ಲುವುದಿಲ್ಲ. ಮಂಡಿನೋವು ಇರುವವರಿಗಂತೂ ಆ ಓಲಾಡುವ ಅಂಚು ದಾಟುವುದು ಕಷ್ಟವೇ.

ಲಂಡನ್ನಿನ ಥೇಮ್ಸ್ ಕ್ಲಿಪ್ಪರ್ಸ್ ದೋಣಿಗಳು (ಶುರುವಾದದ್ದು 1999ರಲ್ಲಿ) ಸುಖಕ್ಕೆ ಮೊದಲು. ಮೆತ್ತನೆಯ ಸೀಟು, ಕೈಯಲ್ಲಿ ಕಾಫಿ. ನಗರದ ನಡುವೆ ನಿಧಾನ, ಪೂರ್ವಕ್ಕೆ ಸಾಗಿದ ಮೇಲೆ ನಿಜವಾದ ಓಟ. ಉಬ್ಬರವಿಳಿತಕ್ಕೆ ನದಿ ಏಳು ಮೀಟರ್‌ವರೆಗೂ ಏರಿಳಿಯುವುದರಿಂದ ಜೆಟ್ಟಿಗಳು ತೇಲುತ್ತವೆ. ನೀರು ಇಳಿದಾಗ ಅಲ್ಲಿಗೆ ಹೋಗುವ ಕಾಲುಸೇತುವೆ ಸಾಕಷ್ಟು ಕಡಿದಾಗಿರುತ್ತದೆ. ಮೆಟ್ರೋ-ಬಸ್ಸಿಗೆ ಬಳಸುವ ಆಯ್‌ಸ್ಟರ್ ಕಾರ್ಡ್ ಇಲ್ಲೂ ನಡೆಯುತ್ತದೆ, ಆದರೆ ದೋಣಿಯ ದರ ಬೇರೆ. ಮೆಟ್ರೋ-ಬಸ್ಸಿನಲ್ಲಿ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಡಿತವಾಗದು ಎಂಬ ಮಿತಿಯಿದೆ, ದೋಣಿಯ ದರ ಅದರೊಳಗೆ ಬರುವುದಿಲ್ಲ. ದಿನಾ ಓಡಾಡುವವರ ಲೆಕ್ಕಕ್ಕೆ ಇದೇ ದೊಡ್ಡ ಏಟು. ಬ್ಯಾಂಕುಗಳ ದೊಡ್ಡ ಕಚೇರಿಗಳಿರುವ ಕ್ಯಾನರಿ ವಾರ್ಫ್‌ನ ಸಂಬಳದವರಿಗೆ ಪರವಾಗಿಲ್ಲ ಅನ್ನಿ.

ನನ್ನ ಓಟು ಬ್ರಿಸ್ಬೇನಿಗೆ. 1996ರಿಂದ ಓಡುತ್ತಿರುವ ಸಿಟಿಕ್ಯಾಟ್ ದೋಣಿಗೆ ಬಸ್ಸು, ರೈಲಿನದೇ ಕಾರ್ಡು, ಅದೇ ದರ. 2024ರ ಆಗಸ್ಟ್‌ನಿಂದ ಮೂರಕ್ಕೂ ಐವತ್ತು ಸೆಂಟ್. ಹಾಗಾಗಿ ದೋಣಿ ಹತ್ತುವುದೋ ಬಸ್ಸೋ ಎಂದು ಯಾರೂ ಜೇಬು ನೋಡಿಕೊಳ್ಳುವುದಿಲ್ಲ. ವಿಶ್ವವಿದ್ಯಾಲಯದ ಹುಡುಗರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿರುತ್ತಾರೆ. ನದಿ ಊರೆಲ್ಲ ಸುತ್ತಿ ಬಳಸಿ ಹರಿಯುವುದರಿಂದ ಎಷ್ಟೋ ಕಡೆ ಬಸ್ಸೇ ಬೇಗ ತಲುಪಿಸುತ್ತದೆ, ಅದು ನಿಜ. ಪ್ರವಾಹದ ಕಾಟವೂ ಇದೆ. 2011ರಲ್ಲಿ ಹಲವು ಜೆಟ್ಟಿಗಳು ಹಾಳಾದ ಮೇಲೆ, ನೀರು ಏರಿದಾಗ ಕಾಲುಸೇತುವೆ ಕೊಂಡಿ ಕಳಚಿಕೊಂಡು ಪಕ್ಕಕ್ಕೆ ಸರಿಯುವಂತೆ ಹೊಸವನ್ನು ಕಟ್ಟಿದರು. ಅಂಥ ದಿನ ದೋಣಿ ನಿಲ್ಲುತ್ತದೆ, ಅದೇ ಕಾರ್ಡ್ ಹಿಡಿದು ಬಸ್ ಹತ್ತಬೇಕು.