ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಟಾಸ್ಕ್ ಮ್ಯಾನೇಜರ್ ಫೋಟೊ ಒಂದು ತೆಗೆಯಿರಿ

ಆಫ್ಟರ್ ಎಫೆಕ್ಟ್ಸ್ (ಅಕ್ಷರ, ಚಿತ್ರಗಳನ್ನು ಓಡಾಡಿಸಿ ವಿಡಿಯೊ ಮಾಡುವ ಅಡೋಬಿಯ ಸಾಫ್ಟ್‌ವೇರ್) ನಿಧಾನ ಆಗಿದೆ ಅಂತ ಕಂಪ್ಯೂಟರ್ ಎತ್ತಿಕೊಂಡು ಅಂಗಡಿಗೆ ಹೊರಟವರು ದಯವಿಟ್ಟು ಹತ್ತು ನಿಮಿಷ ಕೂತು ಇದನ್ನು ಓದಿ. ನನಗೆ 33,500 ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಿಗೆ ನೋವಾಗಿದ್ದು, ಎರಡು ಮನೆಯವರಿಗೆ ಹೇಳಿದ ದಿನಕ್ಕೆ ಕೆಲಸ ಕೊಡಲಾಗಲಿಲ್ಲ.

ಹಾಸನದಲ್ಲಿ ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶದ ಕರೆಯೋಲೆ ವಿಡಿಯೊ ಮಾಡಿಕೊಡುತ್ತೇನೆ. ವಾಟ್ಸಾಪಿನಲ್ಲಿ ಕಳಿಸುತ್ತಾರಲ್ಲ, ಅರ್ಧ ನಿಮಿಷದವು: ಗಣಪತಿ, ಬಾಳೆಕಂಬ, ಮೇಲಿನಿಂದ ಉದುರುವ ಅಕ್ಷತೆ, ಚಿನ್ನದ ಬಣ್ಣದಲ್ಲಿ ಹುಡುಗ ಹುಡುಗಿಯ ಹೆಸರು. 2023ರ ಮೇ ತಿಂಗಳು. ಆಷಾಢ ಬರುವುದರೊಳಗೆ ಮದುವೆಗಳೆಲ್ಲ ಮುಗಿಯಬೇಕು, ಹಾಗಾಗಿ ದಿನಕ್ಕೊಂದು ಕೆಲಸ. ಅದೇ ಹೊತ್ತಿಗೆ ಸಿಸ್ಟಮ್ ತೆವಳತೊಡಗಿತು. ಸ್ಪೇಸ್ ಬಾರ್ ಒತ್ತಿದರೆ ಪ್ರಿವ್ಯೂ, ಅಂದರೆ ಮಾಡಿದ್ದನ್ನು ಓಡಿಸಿ ನೋಡುವುದು, ನಾಲ್ಕೈದು ಸೆಕೆಂಡ್ ಓಡಿ ಮತ್ತೆ ಮೊದಲಿಗೆ ಬರುತ್ತಿತ್ತು. ಟೈಮ್‌ಲೈನ್ ಮೇಲಿನ ಹಸಿರು ಗೆರೆ ಮುಂದಕ್ಕೆ ಬೆಳೆದ ಹಾಗೆ ಹಿಂದಿನದು ನೀಲಿಯಾಗುತ್ತಿತ್ತು, ಇಲ್ಲವೇ ಅಳಿಸಿಹೋಗುತ್ತಿತ್ತು. ಕಾಯಿಲೆ ಏನು ಅಂತ ಆ ಗೆರೆಯೇ ಹೇಳುತ್ತಿತ್ತು, ನನಗೆ ಓದಲು ಬರಲಿಲ್ಲ.

ಅಂಗಡಿಯಲ್ಲಿ ಕ್ಯಾಬಿನೆಟ್ ಬಿಚ್ಚಿದವರು ಒಳಗೆ ಒಮ್ಮೆ ಟಾರ್ಚ್ ಬಿಟ್ಟು, "ಮೇಡಂ, ಗ್ರಾಫಿಕ್ಸ್ ಕೆಲಸ ಮಾಡ್ತೀರ, ಗ್ರಾಫಿಕ್ಸ್ ಕಾರ್ಡೇ ಇಲ್ವಲ್ಲ" ಅಂದರು. ಹೆಸರಲ್ಲೇ ಗ್ರಾಫಿಕ್ಸ್ ಇದೆ, ನನಗೂ ಹೌದು ಅನ್ನಿಸಿತು. ಕಾರ್ಡಿಗೆ 28,500. ಹಳೆಯ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಅದಕ್ಕೆ ಸಾಲುವುದಿಲ್ಲ ಅಂತ ಇನ್ನೊಂದು 5,000. ಮನೆಗೆ ತಂದು ಆನ್ ಮಾಡಿದರೆ ಅದೇ ನಾಲ್ಕೈದು ಸೆಕೆಂಡ್.

ವಾಪಸ್ ಒಯ್ದೆ. ವಿಂಡೋಸ್ ಕೆಟ್ಟಿರಬೇಕು, ಫಾರ್ಮ್ಯಾಟ್ ಹೊಡೆದುಕೊಡ್ತೀವಿ ಅಂದರು. ಎರಡು ದಿನ ಇಟ್ಟುಕೊಂಡರು. ಡಿ ಡ್ರೈವಿನಲ್ಲಿದ್ದ ಪ್ರಾಜೆಕ್ಟುಗಳು ಉಳಿದವು, ಆದರೆ ಸಿ ಡ್ರೈವಿನ ಜೊತೆ ಫಾಂಟುಗಳೆಲ್ಲ ಹೋದವು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಸಂಕಟ ಗೊತ್ತು. ನನ್ನ ಹಳೆಯ ಟೆಂಪ್ಲೇಟುಗಳಲ್ಲಿ ಅಕ್ಷರಗಳು ನುಡಿಯ ಆಸ್ಕಿ ಫಾಂಟುಗಳಲ್ಲಿದ್ದವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟುಗಳು. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕನ್ನಡವಾಗಿ ಕಾಣುವುದೇ ಇಲ್ಲ. ಫೈಲ್ ತೆರೆದರೆ ವಧುವಿನ ಹೆಸರಿದ್ದ ಜಾಗದಲ್ಲಿ ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ಅವನ್ನೆಲ್ಲ ಹುಡುಕಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಆ ಎರಡು ಕೆಲಸ ಬೇರೆಯವರ ಕೈಗೆ ಹೋಗಿದ್ದವು. ಯಾರೇ ಫಾರ್ಮ್ಯಾಟ್ ಅಂದರೂ ಮೊದಲು ಫಾಂಟ್ಸ್ ಫೋಲ್ಡರ್ ಕಾಪಿ ಮಾಡಿಟ್ಟುಕೊಳ್ಳಿ.

ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಎಡಿಟಿಂಗ್ ಕೆಲಸದಲ್ಲಿದ್ದಾನೆ. ರಾತ್ರಿ ಫೋನ್ ಮಾಡಿದೆ. "ಅಕ್ಕ, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತು, ಟಾಸ್ಕ್ ಮ್ಯಾನೇಜರ್ ಬರುತ್ತೆ, ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ತೆಗಿ, ಆಮೇಲೆ ಪ್ರಿವ್ಯೂ ಓಡಿಸಿ ಫೋಟೊ ಕಳಿಸು" ಅಂದ. ಕಳಿಸಿದೆ. ಮೆಮೊರಿ 97%. ಡಿ ಡ್ರೈವ್ 100%. ಹೊಸ ಗ್ರಾಫಿಕ್ಸ್ ಕಾರ್ಡ್ 3%. ಅಷ್ಟು ದುಡ್ಡು ಕೊಟ್ಟು ತಂದದ್ದು ಸುಮ್ಮನೆ ಕೂತಿತ್ತು.

ಅವನು ಹಾಕಿಕೊಟ್ಟ ಲೆಕ್ಕ ಇಷ್ಟು. ಆಫ್ಟರ್ ಎಫೆಕ್ಟ್ಸ್ ಪ್ರಿವ್ಯೂಗೆ ಒಂದೊಂದು ಫ್ರೇಮನ್ನೂ ಸಿದ್ಧ ಮಾಡಿ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ (ಮೆಮೊರಿ ಅಂದರೆ ಅದೇ), ಹಸಿರು ಗೆರೆ ಅದರದು. 1920×1080ರ ಒಂದು ಫ್ರೇಮ್ 8 ಬಿಟ್‌ನಲ್ಲಿ ಸುಮಾರು 8 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 200 ಎಂಬಿಗೂ ಮೇಲೆ, 30 ಸೆಕೆಂಡಿಗೆ 6 ಜಿಬಿ ದಾಟುತ್ತದೆ. ನನ್ನಲ್ಲಿದ್ದದ್ದು 8 ಜಿಬಿಯ ಒಂದೇ ರ‍್ಯಾಮ್. ಅದರಲ್ಲಿ ವಿಂಡೋಸ್, ಕ್ರೋಮ್, ವಾಟ್ಸಾಪ್ ವೆಬ್ ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದೆಷ್ಟು? ಅಡೋಬಿಯವರೇ ಕನಿಷ್ಠ 16 ಜಿಬಿ ಬೇಕು, 32 ಇದ್ದರೆ ಒಳ್ಳೆಯದು ಅಂತ ಹಾಕಿದ್ದಾರೆ. ರ‍್ಯಾಮ್ ತುಂಬಿದಾಗ ಫ್ರೇಮುಗಳು ಡಿಸ್ಕ್ ಕ್ಯಾಶ್‌ಗೆ ಹೋಗುತ್ತವೆ, ಅಂದರೆ ಡ್ರೈವಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ; ನೀಲಿ ಗೆರೆ ಅದರದೇ. ಸಿ ಡ್ರೈವ್ ತುಂಬುತ್ತಿದೆ ಅಂತ ಆ ಕ್ಯಾಶನ್ನು ಡಿ ಡ್ರೈವಿಗೆ ಬದಲಾಯಿಸಿದ್ದವಳು ನಾನೇ. ಡಿ ಅಂದರೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್, ಚೆನ್ನಾಗಿ ಓಡಿದರೂ ಸೆಕೆಂಡಿಗೆ 100ರಿಂದ 150 ಎಂಬಿ. ಮದುವೆಯವರು ಕಳಿಸಿದ ವಿಡಿಯೊಗಳೂ ಅದರಲ್ಲೇ.

ದುಡ್ಡಿಲ್ಲದೆ ಆಗುವುದನ್ನು ಆ ರಾತ್ರಿಯೇ ಮಾಡಿದೆವು. ಪ್ರಿವ್ಯೂ ರೆಸಲ್ಯೂಶನ್ ಹಾಫ್‌ಗೆ ಇಳಿಸಿದರೆ ಫ್ರೇಮಿನ ತೂಕ ಕಾಲುಭಾಗಕ್ಕೆ ಬರುತ್ತದೆ. ಟೈಮ್‌ಲೈನಿನ ಕೆಳಗೆ ಎಡಮೂಲೆಯಲ್ಲಿ ಪುಟ್ಟ ಬಸವನಹುಳುವಿನ ಚಿತ್ರ ಇದೆ, ಅದುವರೆಗೆ ಅದನ್ನು ಒತ್ತಿಯೇ ಇರಲಿಲ್ಲ. ಒತ್ತಿದರೆ ಯಾವ ಲೇಯರ್ ಎಷ್ಟು ಹೊತ್ತು ತಿನ್ನುತ್ತಿದೆ ಅಂತ ತೋರಿಸುತ್ತದೆ. ಅಕ್ಷತೆಯ ಪಾರ್ಟಿಕಲ್ ಲೇಯರ್ ಒಂದೇ ಪ್ರತಿ ಫ್ರೇಮಿಗೂ ಎರಡು ಸೆಕೆಂಡಿಗಿಂತ ಹೆಚ್ಚು ತಿನ್ನುತ್ತಿತ್ತು. ಅದನ್ನು ಒಮ್ಮೆ ಪ್ರಿ-ರೆಂಡರ್ ಮಾಡಿ ವಿಡಿಯೊವಾಗಿ ಇಟ್ಟುಕೊಂಡೆ, ಈಗ ಎಲ್ಲ ಮದುವೆಗೂ ಅದೇ ಅಕ್ಷತೆ. ಫೋನಿನ ವಿಡಿಯೊಗಳದು ಇನ್ನೊಂದು ತೊಂದರೆ. ಅವುಗಳಲ್ಲಿ ಪೂರ್ತಿ ಚಿತ್ರ ಆಗೊಂದು ಈಗೊಂದು ಮಾತ್ರ ಇರುತ್ತದೆ, ನಡುವಿನವೆಲ್ಲ ಬರೀ ಬದಲಾವಣೆಗಳು, ಹಾಗಾಗಿ ಒಂದು ಫ್ರೇಮ್ ತೋರಿಸಲು ಸಾಫ್ಟ್‌ವೇರ್ ಹಲವನ್ನು ಬಿಡಿಸಬೇಕು. ಅಡೋಬಿಯದೇ ಆದ ಮೀಡಿಯಾ ಎನ್‌ಕೋಡರಿನಲ್ಲಿ ಪ್ರೋರೆಸ್ 422ಕ್ಕೆ (ಪ್ರತಿ ಫ್ರೇಮನ್ನೂ ಪೂರ್ತಿ ಇಟ್ಟುಕೊಳ್ಳುವ ವಿಡಿಯೊ ಬಗೆ) ಬದಲಿಸಿ ತಂದರೆ ಹಗುರಾಗಿ ಓಡುತ್ತದೆ. ನಿಮಿಷಕ್ಕೆ ಹತ್ತಿರ ಹತ್ತಿರ 1 ಜಿಬಿ ಜಾಗ ಬೇಕು, ಅಷ್ಟೆ.

ಆಮೇಲಿನ ವಾರ 16 ಜಿಬಿಯ ಎರಡು ರ‍್ಯಾಮ್, ಕ್ಯಾಶ್‌ಗೆಂದೇ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಹಾಕಿಸಿದೆ. ಎರಡೂ ಸೇರಿ ಕಾರ್ಡಿನ ಅರ್ಧ ಬೆಲೆಯೂ ಆಗಲಿಲ್ಲ. 30 ಸೆಕೆಂಡ್ ತುದಿಯಿಂದ ತುದಿಗೆ ಹಸಿರು.

ಕಾರ್ಡೇ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಲೆಂಡರಿನಲ್ಲಿ ಸೈಕಲ್ಸ್ ಬಳಸಿ 3ಡಿ ಚಿತ್ರ ರೆಂಡರ್ ಮಾಡುವವರಿಗೆ, ಡಾವಿಂಚಿ ರಿಸಾಲ್ವ್‌ನಲ್ಲಿ ಕಲರ್ ಮಾಡುವವರಿಗೆ ಅದು ನಿಜವಾಗಿ ಬೇಕು. ಆಫ್ಟರ್ ಎಫೆಕ್ಟ್ಸ್‌ನಲ್ಲೂ ಕೆಲವು ಎಫೆಕ್ಟುಗಳು ಅದನ್ನು ಬಳಸುತ್ತವೆ. ಕೆಲವರಿಗೆ ತೊಂದರೆ ಬರೀ ಧೂಳಿನದೂ ಇರಬಹುದು. ಪ್ರೊಸೆಸರ್ ಕಾದು ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ಗಕ್ಕನೆ ಇಳಿದಿರುತ್ತದೆ. ಯಾವುದು ಸೋತಿದೆ ಎನ್ನುವುದು ಆ ಫೋಟೊದಲ್ಲಿ ಗೊತ್ತಾಗುತ್ತದೆ. ಅಂಗಡಿಯಲ್ಲಿ ಪ್ರಾಜೆಕ್ಟ್ ತೆರೆದು, ಓಡಿಸಿ ನೋಡದೆ ಯಾವ ಭಾಗ ಹೇಳಿದರೂ ಬಿಲ್ ಹಾಕಿಸಬೇಡಿ.

ಈಗ ಈ ತೊಂದರೆಯಲ್ಲಿ ಇರುವವರು ಪ್ರಿವ್ಯೂ ಓಡುತ್ತಿರುವಾಗ ತೆಗೆದ ಫೋಟೊ ನನಗೆ ಕಳಿಸಿ. ರಾತ್ರಿ ಎಂಟರ ಮೇಲೆ ಬಿಡುವಾಗಿರುತ್ತೇನೆ, ನೋಡಿ ಹೇಳುತ್ತೇನೆ.