ದೊಡ್ಡ ಚಾಕು, ಸಣ್ಣ ಚಾಕು ಮತ್ತು ಅಂಗೈಯಗಲದ ಡಬ್ಬಿ: ನಾಲ್ಕು ವರ್ಷಗಳ ಬಳಕೆಯ ನಂತರ

ಕಳೆದ ನಾಲ್ಕು ವರ್ಷಗಳಲ್ಲಿ ಕಾಡಿಗೋ ಬೆಟ್ಟಕ್ಕೋ ಹೊರಟಾಗಲೆಲ್ಲ ನನ್ನ ಜೊತೆಗಿದ್ದ ಮೂರು ವಸ್ತುಗಳ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೊದಲನೆಯದು 17 ಸೆಂಟಿಮೀಟರ್ ಉದ್ದದ ಅಲಗಿನ, ಬೆನ್ನಿನ ಬಳಿ ಸುಮಾರು 5 ಮಿಲಿಮೀಟರ್ ದಪ್ಪವಿರುವ, 1095 ಎಂಬ ದರ್ಜೆಯ ಕಾರ್ಬನ್ ಉಕ್ಕಿನ ದೊಡ್ಡ ಚಾಕು. ಎರಡನೆಯದು 10 ಸೆಂಟಿಮೀಟರ್ ಅಲಗಿನ, ಎರಡೂವರೆ ಮಿಲಿಮೀಟರ್ ದಪ್ಪದ, ಸ್ವೀಡನ್ನಿನ 12ಸಿ27 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಸಣ್ಣ ಚಾಕು. ಮೂರನೆಯದು ಅಂಗೈಯಲ್ಲಿ ಅಡಗುವ ತಗಡಿನ ಡಬ್ಬಿ ಮತ್ತು ಅದರೊಳಗೆ ನಾನೇ ಆರಿಸಿ ತುಂಬಿಟ್ಟ ತುರ್ತು ಸಾಮಗ್ರಿ. ಇವನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಕೊಂಡಿದ್ದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಮೂರನ್ನೂ ಹೊಂದಿಸಿಕೊಳ್ಳಬೇಕು ಎಂಬುದು ಅರ್ಥವಾಗಲು ಎರಡು ಮಳೆಗಾಲಗಳೇ ಬೇಕಾದವು.

ದೊಡ್ಡ ಚಾಕುವಿನ ಯೋಗ್ಯತೆ ತಿಳಿಯುವುದು ಮಳೆಯಲ್ಲಿ. ಮೂರು ದಿನ ಬಿಡದೆ ಸುರಿದ ಮಳೆಯ ನಂತರ ನೆಲದ ಮೇಲೆ ಬಿದ್ದ ಪುಳ್ಳೆಗಳೆಲ್ಲ ನೆನೆದು ಮೆತ್ತಗಾಗಿರುತ್ತವೆ. ಆದರೆ ನಿಂತಂತೆಯೇ ಒಣಗಿದ ಮರದ ಕೊಂಬೆಯ ತೊಗಟೆ ಎಷ್ಟೇ ನೆನೆದಿದ್ದರೂ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಮುಂಗೈ ದಪ್ಪದ ಅಂಥ ಕೊಂಬೆಯ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಚಾಕುವಿನ ಬಾಯಿಯನ್ನು ಅಡ್ಡಲಾಗಿಟ್ಟು, ಆಚೆ ಬದಿಗೆ ಚಾಚಿಕೊಂಡ ಅಲಗಿನ ಬೆನ್ನಿಗೆ ಮರದ ಕೊಡತಿಯಿಂದ ಹೊಡೆಯುತ್ತ ಹೋದರೆ, ನಾಲ್ಕೈದು ಪೆಟ್ಟಿಗೆ ಅದು ಸೀಳಿಕೊಂಡು ಒಳಗಿನ ಬಿಳಿ, ಒಣ ಮರ ಕಾಣಿಸುತ್ತದೆ. ಆ ಸೀಳನ್ನು ಮತ್ತೆ ಸೀಳಿ ಬೆರಳು ಗಾತ್ರಕ್ಕೆ ತಂದರೆ ಉರುವಲು ಸಿದ್ಧ. ಅಲಗು ತುಂಡಿನ ಅಗಲಕ್ಕಿಂತ ಉದ್ದವಾಗಿರದಿದ್ದರೆ ಪೆಟ್ಟು ಹಾಕಲು ಜಾಗವೇ ಸಿಗುವುದಿಲ್ಲ. ಆದ್ದರಿಂದ ಆ 17 ಸೆಂಟಿಮೀಟರ್ ತೋರಿಕೆಯ ಉದ್ದವಲ್ಲ, ಕೆಲಸದ ಉದ್ದ. ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಹಾದುಹೋಗಿರಬೇಕು ಎಂಬ ಮಾತೂ ಇಲ್ಲಿಯೇ ನಿಜವಾಗುತ್ತದೆ. ನನ್ನ ಚಾಕುವಿನ ಹಿಡಿ ಇಷ್ಟು ಪೆಟ್ಟು ತಿಂದ ಮೇಲೂ ಕೂದಲೆಳೆಯಷ್ಟೂ ಅಲುಗಾಡಿಲ್ಲ.

ಒಂದು ತಪ್ಪನ್ನು ಮಾತ್ರ ಹೇಳಲೇಬೇಕು. ಆರಂಭದಲ್ಲಿ ಕೊಡತಿ ಹುಡುಕುವ ತಾಳ್ಮೆಯಿಲ್ಲದೆ ಕೈಗೆ ಸಿಕ್ಕ ಕಲ್ಲಿನಿಂದ ಅಲಗಿನ ಬೆನ್ನಿಗೆ ಹೊಡೆದಿದ್ದೆ. ಬೆನ್ನಿನಲ್ಲಿ ಆಗ ಎದ್ದ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಬೇಕಾಯಿತು. ಗಂಟಿರುವ ತುಂಡನ್ನು ಬಿಟ್ಟು ನೇರ ನಾರಿನ ತುಂಡನ್ನು ಆರಿಸಿಕೊಂಡು ಮರದಿಂದಲೇ ಹೊಡೆದರೆ ಚಾಕುವಿಗೂ ಕೈಗೂ ಕ್ಷೇಮ.

ಇಷ್ಟೆಲ್ಲ ಹೊಗಳಿದ ಮೇಲೂ, ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಸಣ್ಣದನ್ನು. ದಿನದಲ್ಲಿ ಹತ್ತು ಬಾರಿ ಚಾಕು ಬೇಕಾದರೆ ಅದರಲ್ಲಿ ಒಂಬತ್ತು ಬಾರಿ ಕೈ ತಾನಾಗಿಯೇ ಸಣ್ಣ ಚಾಕುವಿನತ್ತ ಹೋಗುತ್ತದೆ. ಹಗ್ಗ ಕತ್ತರಿಸುವುದು, ಗೂಟದ ತುದಿ ಚೂಪು ಮಾಡುವುದು, ಗಾಯಕ್ಕೆ ಸುತ್ತುವ ಬಟ್ಟೆಯನ್ನು ಅಳತೆಗೆ ಹರಿಯುವುದು, ಕಾಲಿಗೆ ಚುಚ್ಚಿದ ಮುಳ್ಳನ್ನು ಮೊನೆಯಿಂದ ಎಬ್ಬಿಸುವುದು, ಇವೆಲ್ಲ ದೊಡ್ಡ ಚಾಕುವಿನಿಂದ ಒಂದೋ ಆಗುವುದಿಲ್ಲ, ಇಲ್ಲವೇ ಅಪಾಯ. ಸಣ್ಣ ಚಾಕುವಿನ ಅಲಗಿನಲ್ಲಿ ಬಾಯಿಯ ಇಳಿಜಾರು ಒಂದೇ ಸಮತಟ್ಟಾಗಿ, ಅಗಲವಾಗಿ ಇಳಿಯುವುದರಿಂದ ಅದು ಮರದ ಮೇಲೆ ಉಳಿಯಂತೆ ಕೂರುತ್ತದೆ. ದೊಡ್ಡ ಚಾಕುವಿನಿಂದ ಸೀಳಿಕೊಂಡ ಒಣ ಕಡ್ಡಿಯನ್ನು ಹಿಡಿದು, ಅಲಗನ್ನು ತುದಿಯವರೆಗೂ ಜಾರಿಸಿ, ಹೆರಕಲು ಉದುರುವ ಮೊದಲೇ ಕೈ ತಡೆದರೆ ಕಾಗದದಷ್ಟು ತೆಳ್ಳಗಿನ ಸುರುಳಿಯೊಂದು ಕಡ್ಡಿಗೆ ಅಂಟಿಕೊಂಡೇ ನಿಲ್ಲುತ್ತದೆ. ಅಂಥ ಮೂವತ್ತು ನಲವತ್ತು ಸುರುಳಿಗಳಾದರೆ ಆ ಕಡ್ಡಿಗೆ ಒಂದೇ ಕಿಡಿಯಲ್ಲಿ ಅಲ್ಲದಿದ್ದರೂ ಒಂದು ಸಣ್ಣ ಉರಿಯಲ್ಲಿ ಬೆಂಕಿ ಹತ್ತುವುದು ಖಂಡಿತ. ಒಂದು ಚಾಕು ಸೀಳುತ್ತದೆ, ಇನ್ನೊಂದು ಹೆರೆಯುತ್ತದೆ. ಜೋಡಿ ಎಂದರೆ ನನಗೆ ಇಷ್ಟೇ. ದೊಡ್ಡದು ಒರಟು ಕೆಲಸ ಮಾಡುವುದರಿಂದಲೇ ಸಣ್ಣದರ ಹರಿತ ಉಳಿಯುತ್ತದೆ.

ಡಬ್ಬಿಯ ವಿಷಯಕ್ಕೆ ಬಂದರೆ, ಮೊದಲ ವರ್ಷ ನಾನು ತುಂಬಿದ್ದರಲ್ಲಿ ಅರ್ಧಕ್ಕರ್ಧ ಈಗ ಅದರಲ್ಲಿಲ್ಲ. ಗಾಳ, ತಂತಿಯ ಗರಗಸ, ಪುಟ್ಟ ಮಡಚುಚಾಕು ಎಲ್ಲವೂ ಹೊರಬಿದ್ದವು. ಈಗ ನಾನು ಪಾಲಿಸುವ ನಿಯಮ ಒಂದೇ: ಚಾಕು ಹಿಡಿದು ಕಾಡಿನಲ್ಲಿ ಮಾಡಿಕೊಳ್ಳಬಹುದಾದದ್ದು ಡಬ್ಬಿಯಲ್ಲಿರಬಾರದು, ಎಷ್ಟೇ ಒಳ್ಳೆಯ ಚಾಕುವಿದ್ದರೂ ಮಾಡಿಕೊಳ್ಳಲಾಗದ್ದು ಮಾತ್ರ ಇರಬೇಕು. ಗೂಟ, ಕೊಕ್ಕೆ, ಚಪ್ಪರದ ಕಂಬ ಇವನ್ನೆಲ್ಲ ಚಾಕು ಕೊಡುತ್ತದೆ. ಕಿಡಿ, ಶುದ್ಧ ನೀರು, ದೂರಕ್ಕೆ ಕೇಳುವ ಸದ್ದು, ಮೈಯ ಬಿಸಿಯನ್ನು ಹಿಡಿದಿಡುವ ಹೊದಿಕೆ, ದಿಕ್ಕು, ಬಲವಾದ ದಾರ, ಗಾಯದ ಪಟ್ಟಿ, ಇವನ್ನು ಕೊಡುವುದಿಲ್ಲ. ಡಬ್ಬಿ ಇರುವುದು ಇವುಗಳಿಗಾಗಿ.

ಕಿಡಿಗೆ ನಾನು ನಂಬಿರುವುದು ಫೆರೋ ಕಡ್ಡಿಯನ್ನು. ಸೀರಿಯಂ ಮುಖ್ಯವಾಗಿರುವ ಲೋಹಗಳಿಗೆ ಕಬ್ಬಿಣ ಬೆರೆಸಿದ ಈ ಮಿಶ್ರಲೋಹವನ್ನು 1903ರಲ್ಲಿ ರೂಪಿಸಿದವರು ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್. ಸಿಗರೇಟು ಲೈಟರಿನ ಚಕ್ರ ಉಜ್ಜುವುದೂ ಇದೇ ಬಗೆಯ ಲೋಹವನ್ನು. ಕಡ್ಡಿ ನೆನೆದರೂ ಒರೆಸಿದ ಕೂಡಲೇ ಕಿಡಿ ಕೊಡುತ್ತದೆ. ಆದರೆ ಅದನ್ನು ಕೆರೆಯುವ ಚಾಕುವಿನ ಬೆನ್ನು ಚೂಪಾದ ಲಂಬಕೋನದಲ್ಲಿರಬೇಕು, ಉಕ್ಕು ಬರಿದಾಗಿರಬೇಕು. ನನ್ನ ದೊಡ್ಡ ಚಾಕುವಿನ ಮೇಲಿದ್ದ ಕಪ್ಪು ಲೇಪನ ಕಡ್ಡಿಯ ಮೇಲೆ ಜಾರುತ್ತಿತ್ತೇ ಹೊರತು ಕಿಡಿ ಹಾರಿಸುತ್ತಿರಲಿಲ್ಲ. ಬೆನ್ನಿನ ಮೇಲೆ ಎರಡು ಬೆರಳಿನಷ್ಟು ಉದ್ದ ಲೇಪನವನ್ನು ಅರದಿಂದ ತೆಗೆದು ಅಂಚನ್ನು ಚೂಪು ಮಾಡಿದ ಮೇಲೆ ದಾರಿಗೆ ಬಂತು. ಸಣ್ಣ ಚಾಕುವಿನ ದುಂಡನೆಯ ಬೆನ್ನಿಗೂ ಅದೇ ಉಪಚಾರ ಮಾಡಿದೆ. ಕಡ್ಡಿಯನ್ನು ಕೆರೆಯುವಾಗ ಚಾಕುವನ್ನು ಮುಂದಕ್ಕೆ ತಳ್ಳದೆ ಕಡ್ಡಿಯನ್ನೇ ಹಿಂದಕ್ಕೆ ಎಳೆದುಕೊಂಡರೆ, ಜೋಡಿಸಿಟ್ಟ ಹತ್ತಿ ಚೆಲ್ಲಾಪಿಲ್ಲಿಯಾಗುವುದಿಲ್ಲ. ಹತ್ತಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಉಂಡೆ ಮಾಡಿಟ್ಟಿದ್ದೇನೆ. ಒಂದು ಉಂಡೆಯನ್ನು ಬಿಡಿಸಿ ಎಳೆಗಳನ್ನು ಹರಡಿದರೆ ಕೂಡಲೇ ಹತ್ತಿಕೊಂಡು, ನಾಲ್ಕೈದು ನಿಮಿಷ ಉರಿಯುತ್ತದೆ.

ನೀರಿಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಗಳಿವೆ. ಬ್ಯಾಕ್ಟೀರಿಯಾ, ವೈರಸ್ಸುಗಳಿಗೆ ಅರ್ಧ ಗಂಟೆ ಸಾಕಾದರೂ ಕ್ರಿಪ್ಟೋಸ್ಪೊರಿಡಿಯಂ ಎಂಬ ಗಟ್ಟಿ ಪರಾವಲಂಬಿಯ ಭಯವಿದ್ದಲ್ಲಿ 4 ಗಂಟೆ ಕಾಯಬೇಕು. ಬೆಂಕಿಯಿದ್ದಾಗ ನಾನು ಮಾತ್ರೆ ಮುಟ್ಟುವುದಿಲ್ಲ. ನೀರನ್ನು ಒಂದು ನಿಮಿಷ ಕೊತಕೊತ ಕುದಿಸುತ್ತೇನೆ, ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಕಲಕಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸದಿದ್ದರೆ ಮಾತ್ರೆಯ ಬಲ ಕುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಪೀಪಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಳಗೆ ಗುಂಡಿಲ್ಲದ ಪ್ಲಾಸ್ಟಿಕ್ ಪೀಪಿ ನೆನೆದರೂ ಚಳಿಯಲ್ಲೂ ಊದುತ್ತದೆ. ಬೆಟ್ಟ ಹತ್ತುವವರ ಅಂತರರಾಷ್ಟ್ರೀಯ ವಾಡಿಕೆಯಂತೆ ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಊದಬೇಕು. ಕೇಳಿದವರು ನಿಮಿಷಕ್ಕೆ ಮೂರು ಬಾರಿ ಉತ್ತರಿಸುತ್ತಾರೆ.

ದಿಕ್ಸೂಚಿಯಿಂದ ಆದ ಒಂದು ಪ್ರಸಂಗವನ್ನು ವಿವರವಾಗಿ ಹೇಳುತ್ತೇನೆ. ಮಂಜು ಕವಿದ ಒಂದು ಬೆಳಿಗ್ಗೆ, ಇಳಿಯಬೇಕಾದ ಕಣಿವೆಯ ದಿಕ್ಕನ್ನು ಮೂರು ಬಾರಿ ನೋಡಿದೆ. ಮೂರು ಬಾರಿಯೂ ಮುಳ್ಳು ಬೇರೆ ಬೇರೆ ಕಡೆ ನಿಂತಿತು. ದಿಕ್ಸೂಚಿ ಕೆಟ್ಟಿತೆಂದು ಗಾಬರಿಯಾಗಿ ಕುಳಿತಾಗ, ಎದೆಯ ಮೇಲೆ ಸಣ್ಣ ಚಾಕು ನೇತಾಡುತ್ತಿರುವುದು ಕಣ್ಣಿಗೆ ಬಿತ್ತು. ಚಾಕುವನ್ನೂ ತಗಡಿನ ಡಬ್ಬಿಯನ್ನೂ ಆರೇಳು ಹೆಜ್ಜೆ ದೂರ ಇಟ್ಟು ಬಂದು ನೋಡಿದರೆ ಮುಳ್ಳು ಎಷ್ಟು ಬಾರಿ ನೋಡಿದರೂ ಒಂದೇ ಕಡೆ ನಿಂತಿತು. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ಅಯಸ್ಕಾಂತಕ್ಕೆ ಸಿಗದು ಎಂದು ನಂಬಿದ್ದು ನನ್ನ ತಪ್ಪು; ಚಾಕುವಿಗೆ ಬಳಸುವ, ಹದಗೊಳಿಸಿ ಗಡುಸು ಮಾಡಿದ ಸ್ಟೇನ್‌ಲೆಸ್ ಉಕ್ಕು ಮುಳ್ಳನ್ನು ಎಳೆಯುತ್ತದೆ. ಅಂದಿನಿಂದ ದಿಕ್ಸೂಚಿ ಡಬ್ಬಿಯಿಂದ ಹೊರಬಂದು ಅಂಗಿಯ ಬೇರೊಂದು ಜೇಬು ಸೇರಿದೆ. ತಗಡಿನ ಡಬ್ಬಿಯೊಳಗೆ, ಚಾಕುವಿನ ಪಕ್ಕದಲ್ಲಿ ದಿಕ್ಸೂಚಿಯಿಟ್ಟು ಮಾರುವ ಸಿದ್ಧ ಕಿಟ್‌ಗಳ ಬಗ್ಗೆ ನನಗೆ ತಕರಾರಿರುವುದು ಇದೇ ಕಾರಣಕ್ಕೆ.

ಒಯ್ಯುವ ಕ್ರಮವನ್ನು ನಾನು ಬದಲಿಸಿದ್ದು ಮೂರನೆಯ ವರ್ಷದಲ್ಲಿ. ಅದಕ್ಕೂ ಮೊದಲು ದೊಡ್ಡ ಚಾಕು ಸೊಂಟದಲ್ಲಿರುತ್ತಿತ್ತು, ಸಣ್ಣದೂ ಡಬ್ಬಿಯೂ ಬೆನ್ನುಚೀಲದಲ್ಲಿ. ಒಮ್ಮೆ ಹೊಳೆ ದಾಟುವಾಗ ಕಾಲು ಜಾರಿ, ನೀರು ಎಳೆಯದಂತೆ ಚೀಲವನ್ನು ಬಿಡಬೇಕಾಯಿತು. ದಡ ಸೇರಿದಾಗ ನನ್ನ ಬಳಿ ಇದ್ದದ್ದು ಆ ದೊಡ್ಡ ಚಾಕು ಒಂದೇ. ಕಿಡಿಯಿಲ್ಲ, ಹೊದಿಕೆಯಿಲ್ಲ, ಪೀಪಿಯಿಲ್ಲ. ಜೊತೆಗಾರರು ಕೆಳಗಡೆ ಚೀಲವನ್ನು ಹಿಡಿದು ತಂದರು, ಅಷ್ಟರಲ್ಲಿ ನಡುಕ ಶುರುವಾಗಿತ್ತು. ಈಗ ಸಣ್ಣ ಚಾಕು ಮತ್ತು ಡಬ್ಬಿ ಎರಡೂ ಮೈಮೇಲೆ, ಮಲಗುವಾಗಲೂ ಕೈಗೆಟುಕುವಂತೆ. ದೊಡ್ಡ ಚಾಕು ಚೀಲದ ಪಕ್ಕಕ್ಕೆ ಕಟ್ಟಿರುತ್ತದೆ. ಚೀಲ ಹೋದರೆ ಸೌದೆ ಸೀಳುವುದು ಕಷ್ಟವಾಗಬಹುದು, ಜೀವಕ್ಕೆ ಕುತ್ತು ಬರದು.

ಇನ್ನು ಬಾಳಿಕೆ. 1095 ಉಕ್ಕಿನಲ್ಲಿ ಇಂಗಾಲ ಶೇಕಡಾ 0.95ರ ಆಸುಪಾಸು, ತುಕ್ಕು ತಡೆಯುವ ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಸಾಣೆಕಲ್ಲಿಗೆ ಬೇಗ ಒಲಿಯುತ್ತದೆ, ತುಕ್ಕಿಗೂ ಅಷ್ಟೇ ಬೇಗ ಸೋಲುತ್ತದೆ. ಲೇಪನವಿಲ್ಲದ ಬಾಯಿಯ ಅಂಚಿನಲ್ಲಿ ಒಂದೇ ರಾತ್ರಿಗೆ ಕಂದು ಚುಕ್ಕೆಗಳು ಮೂಡಿದ್ದನ್ನು ಕಂಡಿದ್ದೇನೆ. ಜೊತೆಗೆ ಬಂದ ಚರ್ಮದ ಒರೆ ತೇವವನ್ನು ಹೀರಿ ಹಿಡಿದುಕೊಳ್ಳುತ್ತಿದ್ದುದರಿಂದ ಅದನ್ನು ಬಿಟ್ಟು, ನೀರು ಬಸಿಯುವ ತೂತಿರುವ ಗಟ್ಟಿ ಪ್ಲಾಸ್ಟಿಕ್ ಒರೆ ಹಾಕಿಸಿದೆ. ಮನೆಗೆ ಬಂದ ಮೇಲೆ ಚಾಕುವನ್ನು ಒರೆಯಲ್ಲಿಡದೆ, ಒರೆಸಿ ಎಣ್ಣೆ ಸವರಿ ಹೊರಗೇ ಇಡುತ್ತೇನೆ. ಸಣ್ಣ ಚಾಕುವಿನಲ್ಲಿ ಶೇಕಡಾ 13ಕ್ಕಿಂತ ಹೆಚ್ಚು ಕ್ರೋಮಿಯಂ ಇರುವುದರಿಂದ ಆ ಚಿಂತೆ ಇಲ್ಲವೇ ಇಲ್ಲ. ಅದರ ಪ್ಲಾಸ್ಟಿಕ್ ಒರೆಯ ಹಿಡಿತ ಮಾತ್ರ ಸ್ವಲ್ಪ ಸಡಿಲವಾಗಿದೆ, ತಲೆಕೆಳಗಾಗಿ ಅಲ್ಲಾಡಿಸಿದರೆ ಜಾರುತ್ತದೆ. ಹಿಡಿಗೆ ಒಂದು ರಬ್ಬರ್ ಪಟ್ಟಿ ಬಿಗಿದು ಬಳಸುತ್ತಿದ್ದೇನೆ.

ಡಬ್ಬಿಯೊಳಗಿನ ವಸ್ತುಗಳೇ ಹೆಚ್ಚು ಮೋಸ ಮಾಡುವುದು, ಏಕೆಂದರೆ ಮುಚ್ಚಳ ಹಾಕಿದ ಮೇಲೆ ಯಾರೂ ತೆರೆದು ನೋಡುವುದಿಲ್ಲ. ಎರಡು ವರ್ಷ ಮುಟ್ಟದೆ ಇಟ್ಟಿದ್ದ ಬೆಳ್ಳಿಬಣ್ಣದ ಹೊದಿಕೆಯನ್ನು ಬಿಡಿಸಿದಾಗ ಅದು ಮಡಿಕೆಗಳ ಗೆರೆಯಲ್ಲೇ ಹರಿದುಬಂತು. ಮಾತ್ರೆಗಳ ಅವಧಿ ಮೀರಿತ್ತು. ಫೆರೋ ಕಡ್ಡಿಯ ಮೇಲೆ ತೇವಕ್ಕೆ ಬಿಳಿ ಪುಡಿ ಕಟ್ಟಿತ್ತು, ಕೆರೆದ ಮೇಲೆ ಸರಿಯಾಯಿತು. ಈಗ ಕಡ್ಡಿಗೆ ತೆಳ್ಳಗೆ ಉಗುರುಬಣ್ಣ ಬಳಿದಿಟ್ಟಿದ್ದೇನೆ, ಮುಚ್ಚಳದ ಸುತ್ತ ಜಲನಿರೋಧಕ ಟೇಪು ಸುತ್ತಿ, ಅದರ ಮೇಲೆ ಮುಂದಿನ ತಪಾಸಣೆಯ ತಿಂಗಳನ್ನು ಬರೆದಿದ್ದೇನೆ. ಆ ತಿಂಗಳು ಬಂದಾಗ ಹಳೆಯ ಹತ್ತಿ ಉಂಡೆಯಿಂದಲೇ ಬೆಂಕಿ ಹೊತ್ತಿಸಿ ನೋಡಿ, ಹೊಸದನ್ನು ತುಂಬುತ್ತೇನೆ.