ರಥಬೀದಿಯ ಮೊಳಕೆ ರಾಗಿ ಹುಡಿ: ಹುಡಿ ಒಳ್ಳೆಯದು, ಚೀಟಿ ಹಳೆಯದು

ಮಗಳಿಗೆ 6 ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ರಾಗಿ ಮಣ್ಣಿಯ ಮಾತು ಶುರುವಾಯಿತು. ರಾತ್ರಿ ರಾಗಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಅದನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತೊಳಸುವುದು ಅತ್ತೆಗೆ ಸಲೀಸು. ಅವರು ಊರಿಗೆ ಹೋದ ಮೇಲೆ, ಇಬ್ಬರೂ ಕೆಲಸಕ್ಕೆ ಹೊರಡುವ ನಮಗೆ ಅದು ದಿನಾ ಆಗುವ ಹೋಗುವ ಮಾತಲ್ಲವೆಂದು ತಿಳಿಯಲು ಎರಡೇ ದಿನ ಸಾಕಾಯಿತು. ಹಾಗಾಗಿ ಉಡುಪಿಯ ರಥಬೀದಿಯ ಹತ್ತಿರದ ಸಣ್ಣ ಅಂಗಡಿಯೊಂದರಿಂದ, ಮನೆಯಲ್ಲೇ ಮಾಡಿದ್ದೆನ್ನುವ ಮೊಳಕೆ ರಾಗಿ ಹುಡಿಯನ್ನು ಅರ್ಧ ಕಿಲೋಗೆ 190 ರೂಪಾಯಿ ಕೊಟ್ಟು ತಂದೆ. ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹುಡಿಯ ಬಗ್ಗೆ ತಕರಾರಿಲ್ಲ. ಪೊಟ್ಟಣ ಬಿಡಿಸಿದರೆ ಹದವಾಗಿ ಹುರಿದ ರಾಗಿಯ ಪರಿಮಳ ಬರುತ್ತದೆಯೇ ಹೊರತು ಸೀದ ವಾಸನೆಯಿಲ್ಲ. ಬೆರಳುಗಳ ನಡುವೆ ಉಜ್ಜಿದರೆ ತರಿ ಸಿಗುವುದಿಲ್ಲ. ಸಕ್ಕರೆಯಾಗಲಿ, ಬೆಲ್ಲವಾಗಲಿ, ಹಾಲಿನ ಹುಡಿಯಾಗಲಿ ಬೆರೆಸಿಲ್ಲ. ತಣ್ಣೀರಿನಲ್ಲಿ ಕದಡಿ ಒಲೆಗಿಟ್ಟರೆ ಗಂಟಾಗುವುದಿಲ್ಲ; ಅವಸರದಲ್ಲಿ ನೇರ ಬಿಸಿನೀರಿಗೆ ಸುರಿದ ದಿನದ ಪಾಡನ್ನು ಹೇಳದಿರುವುದೇ ಮೇಲು.

ಅಳತೆಯ ವಿಷಯದಲ್ಲಿ ಮಾತ್ರ ಪೊಟ್ಟಣವನ್ನು ನಂಬಬೇಡಿ. ರಾಗಿ ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಇದರ ಗಂಜಿ ಸಾದಾ ರಾಗಿಹಿಟ್ಟಿನ ಗಂಜಿಗಿಂತ ತೆಳುವಾಗುತ್ತದೆ. ಹೇಳಿದಂತೆ ಒಂದು ಲೋಟ ನೀರಿಗೆ ಒಂದು ಚಮಚ ಹಾಕಿದ ಮೊದಲ ದಿನ ಅದು ತಿಳಿಸಾರಿನಂತೆ ಮಗಳ ಗಲ್ಲದಿಂದ ಇಳಿದು ಅಂಗಿ ಸೇರಿತು. ಚಮಚವನ್ನು ಓರೆ ಮಾಡಿದರೂ ಸುಲಭವಾಗಿ ಜಾರಬಾರದು, ಅದು ಹದ. ನಮಗೆ ಮೂರು ಚಮಚ ಬೇಕಾಯಿತು. ಇದು ನಷ್ಟವಲ್ಲ, ಮೊಳಕೆಯ ಲಾಭವೇ ಇದು: ಅದೇ ಪುಟ್ಟ ಹೊಟ್ಟೆಗೆ ಹೆಚ್ಚು ಧಾನ್ಯ ಸೇರುತ್ತದೆ, ಎದೆಹಾಲಿಗೂ ಜಾಗ ಉಳಿಯುತ್ತದೆ.

ನನ್ನ ನಿಜವಾದ ಆಕ್ಷೇಪ ಚೀಟಿಯ ಮೇಲೆ. ‘4 ತಿಂಗಳಿನಿಂದ ಕೊಡಬಹುದು’ ಎಂದು ಅದರಲ್ಲಿ ಅಚ್ಚಾಗಿದೆ. ಶಿಶು ಆಹಾರದ ಮಾರಾಟವನ್ನು ನಿಯಂತ್ರಿಸುವ 1992ರ ಕಾಯ್ದೆಯಲ್ಲೂ ಒಂದು ಕಾಲಕ್ಕೆ 4 ತಿಂಗಳೆಂದೇ ಇತ್ತು. 2003ರ ತಿದ್ದುಪಡಿ ಅದನ್ನು 6 ತಿಂಗಳಿಗೆ ಏರಿಸಿತು. ಅಲ್ಲಿಯವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂಗಡಿಯವರಿಗೆ ಹೇಳಿದಾಗ, “ನಮ್ಮ ಮಕ್ಕಳಿಗೆಲ್ಲ ನಾಲ್ಕರಲ್ಲೇ ಕೊಟ್ಟದ್ದು ಮಾರಾಯ್ರೆ, ಎಂತದೂ ಆಗಲಿಲ್ಲ” ಎಂದು ನಕ್ಕರು. ಅದೇ ಚೀಟಿಯ ಕೆಳಗೆ ‘ರುಚಿಗೆ ಜೇನು ಸೇರಿಸಿ’ ಎಂದಿರುವುದು ಇನ್ನೂ ಕೆಟ್ಟದು. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಗಂಭೀರ ಕಾಯಿಲೆ ತರಬಲ್ಲವಾದ್ದರಿಂದ, ವರ್ಷ ತುಂಬುವವರೆಗೆ ಮಗುವಿನ ನಾಲಿಗೆಗೆ ಜೇನು ಸವರುವುದೂ ಸಲ್ಲದು.

ಚೀಟಿಯ ‘ಸಂಪೂರ್ಣ ಆಹಾರ’ ಎಂಬ ಮಾತೂ ಅತಿಯಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಮತ್ತು 6 ತಿಂಗಳ ನಂತರ ಮಗುವಿಗೆ ಹೆಚ್ಚು ಬೇಕಾಗುವುದು ಅದೇ. ನಾವು ಮಧ್ಯಾಹ್ನ ಹೆಸರುಬೇಳೆಯೊಂದಿಗೆ ಮೆತ್ತಗೆ ಬೇಯಿಸಿದ ಅನ್ನವನ್ನೂ, ಈಚೆಗೆ ಮುಳ್ಳು ಬಿಡಿಸಿ ಹಿಸುಕಿದ ಕಾಣೆ ಮೀನನ್ನೂ ಕೊಡುತ್ತಿದ್ದೇವೆ.

ಮಳೆಗಾಲದಲ್ಲಿ ಅರ್ಧ ಕಿಲೋ ತರಬೇಡಿ. ಆಟಿಯ ತೇವಕ್ಕೆ ನಮ್ಮ ಎರಡನೆಯ ಪೊಟ್ಟಣ ಮೂರೇ ವಾರದಲ್ಲಿ ಮುಗ್ಗಲು ಹಿಡಿದು, ಅರ್ಧದಷ್ಟನ್ನು ಎಸೆಯಬೇಕಾಯಿತು. ಕೇಳಿದರೆ ಕಾಲು ಕಿಲೋ ಕಟ್ಟಿಕೊಡುತ್ತಾರೆ. ಮೊನ್ನೆ ಮಂಗಳೂರಿನಲ್ಲಿರುವ ತಂಗಿಗೂ ಅಷ್ಟನ್ನೇ ಒಯ್ದೆ. ಅವಳ ಮಗುವಿಗೆ ಈಗ ಐದೂವರೆ ತಿಂಗಳು. ಕೊಡುವ ಮುಂಚೆ ಆ ಚೀಟಿಯನ್ನು ಕಿತ್ತು ತೆಗೆದಿದ್ದೆ.